ಮಾವನ ಲೋಟಕ್ಕೆ ಒಂದು ಮಿಕ್ಸರ್

ಕಾಗಾಲ, ಕುಮಟಾ ತಾಲೂಕು
೧೭ ನವೆಂಬರ್ ೨೦೨೪, ರವಿವಾರ

ಪ್ರೀತಿಯ ಅತ್ತೆಯವರಿಗೆ,

ನಿಮ್ಮ ಸೊಸೆ ವಿನುತಾ ಕೈಮುಗಿದು ಬರೆಯುತ್ತಿದ್ದೇನೆ. ನಿಮ್ಮ ಮೊಣಕಾಲು ಹೇಗಿದೆ? ರತ್ನಾಗಿರಿಯ ಮನೆಗೆ ಮೆಟ್ಟಿಲು ಬಹಳ ಎಂದು ಹೇಳಿದ್ದಿರಿ. ಬಾಣಂತನದ ಗಡಿಬಿಡಿಯಲ್ಲಿ ಎಣ್ಣೆ ತಿಕ್ಕಿಕೊಳ್ಳುವುದನ್ನು ಬಿಡಬೇಡಿ. ಅಂಕಿತಾ ಹೇಗಿದ್ದಾಳೆ, ಕೂಸು ಹೇಗಿದೆ? ಹತ್ತು ದಿನ ಆಸ್ಪತ್ರೆಯ ಕಾವಿನ ಗಾಜಿನ ಪೆಟ್ಟಿಗೆಯಲ್ಲಿ ಮಲಗಿದ್ದ ಕೂಸು ಎರಡೂವರೆ ಕಿಲೋ ದಾಟಿತು ಎಂದು ನೀವು ಫೋಟೋ ಕಳಿಸಿದ ದಿನ ನಾನು ನಮ್ಮ ಅಂಗನವಾಡಿಯ ಮಕ್ಕಳಿಗೆಲ್ಲ ಬೆಲ್ಲದ ಚೂರು ಹಂಚಿದೆ. ಯಾಕೆಂದು ಅವಕ್ಕೆ ಗೊತ್ತಾಗಲಿಲ್ಲ, ಕೇಳಲೂ ಇಲ್ಲ.

ದಿನಾ ಫೋನ್ ಮಾಡುವವಳು ಕಾಗದ ಬರೆದಳಲ್ಲ ಎಂದು ಹೆದರಬೇಡಿ, ಸುದ್ದಿ ಒಳ್ಳೆಯದೇ. ನೀವು ಫೋನಿನ ಸ್ಪೀಕರ್ ಹಾಕದೆ ಮಾತಾಡುವವರಲ್ಲ, ಅಂಕಿತಾ ಪಕ್ಕದಲ್ಲೇ ಮಲಗಿರುತ್ತಾಳೆ, ಹಸಿ ಬಾಣಂತಿಗೆ ಅವಳ ಅಪ್ಪನ ಸಂಗತಿಯನ್ನೆಲ್ಲ ಬಿಡಿಸಿ ಕೇಳಿಸುವುದು ನನಗೆ ಬೇಡವಾಗಿತ್ತು. ನಮ್ಮ ಕೇರಿಯ ಜಟ್ಟ ನಾಳೆ ಬೆಳಿಗ್ಗೆಯ ರೈಲಿಗೆ ರತ್ನಾಗಿರಿಗೆ ಬೋಟಿನ ಕೆಲಸಕ್ಕೆ ಹೊರಟಿದ್ದಾನೆ. ಅವನ ಕೈಯಲ್ಲಿ ಇದನ್ನು ಕೊಡುತ್ತಿದ್ದೇನೆ. ಒಬ್ಬರೇ ಕೂತು ಓದಿ, ಕನ್ನಡಕ ಹಾಕಿಕೊಂಡು ಓದಿ.

ನೀವು ಹೋದ ಎಂಟನೆಯ ದಿನ ಮಾವ ಬಾವಿಕಟ್ಟೆಯ ಪಾಚಿಯಲ್ಲಿ ಜಾರಿ, ಬಟ್ಟೆ ಒಗೆಯುವ ಕಲ್ಲಿಗೆ ಗಲ್ಲ ಬಡಿದುಕೊಂಡು ದವಡೆ ಮುರಿದುಕೊಂಡದ್ದು ನಿಮಗೆ ಗೊತ್ತೇ ಇದೆ. ಗಲ್ಲಕ್ಕೆ ಐದು ಹೊಲಿಗೆ ಹಾಕಿ, ಮೇಲಿನ ಹಲ್ಲು ಕೆಳಗಿನ ಹಲ್ಲು ಸೇರಿಸಿ ತಂತಿ ಬಿಗಿದು, ಆರು ವಾರ ಬಾಯಿ ತೆರೆಯುವ ಹಾಗಿಲ್ಲ, ಸ್ಟ್ರಾದಲ್ಲಿ ಹೀರುವಷ್ಟು ತೆಳ್ಳಗಿನದನ್ನೇ ಕೊಡಬೇಕು ಎಂದು ಡಾಕ್ಟರ್ ಹೇಳಿದ್ದನ್ನೂ ತಿಳಿಸಿದ್ದೆವು. ನಿಮಗೆ ಹೇಳದೆ ಮುಚ್ಚಿಟ್ಟದ್ದು ತೂಕದ ವಿಷಯ. ಬೀಳುವ ಮೊದಲು ಐವತ್ತೆಂಟು ಕಿಲೋ ಇದ್ದ ಮಾವ ಮೂರನೆಯ ವಾರಕ್ಕೆ ಐವತ್ತೊಂದಕ್ಕೆ ಬಂದಿದ್ದರು. ಐವತ್ತಕ್ಕಿಳಿದರೆ ಆಸ್ಪತ್ರೆಗೆ ಸೇರಿಸಿ ಮೂಗಿನಲ್ಲಿ ನಳಿಗೆ ಹಾಕಿ ಆಹಾರ ಕೊಡಬೇಕಾಗುತ್ತದೆ ಎಂದು ಡಾಕ್ಟರ್ ಹೇಳಿಬಿಟ್ಟರು. ಆಸ್ಪತ್ರೆಯೆಂದರೆ ನಿಮ್ಮನ್ನು ಕರೆಸದೆ ಆಗುವುದಿಲ್ಲ. ಕರೆಸಿದರೆ ಆ ಮನೆಯಲ್ಲಿ ಬೇರೆ ಹೆಂಗಸರಿಲ್ಲ, ಹನ್ನೊಂದು ದಿನದ ಕೂಸನ್ನೂ ಹೊಟ್ಟೆಗೆ ಹೊಲಿಗೆ ಹಾಕಿಸಿಕೊಂಡ ಅಂಕಿತಾಳನ್ನೂ ಯಾರ ಮಡಿಲಿಗೆ ಹಾಕಿ ಬರುತ್ತಿದ್ದಿರಿ? ನಿಮ್ಮ ಮಗ ಎರಡು ಸಲ ರೈಲಿನ ಸಮಯ ನೋಡಿ, ನಿಮ್ಮ ನಂಬರ್ ಒತ್ತಿ, ಮತ್ತೆ ಫೋನ್ ಇಟ್ಟರು. ನಾನು ಬೇಡ ಎಂದೆ, ಎಂಟು ದಿನ ನನಗೆ ಬಿಡಿ ಎಂದೆ.

ತೂಕ ಯಾಕೆ ಇಳಿಯಿತು ಎಂದು ಕೇಳುತ್ತೀರಿ. ತಪ್ಪು ಮೊದಲು ಮಿಕ್ಸರಿನದು, ಆಮೇಲೆ ನನ್ನದು. ನಿಮ್ಮ ಹಳೆಯ ಮಿಕ್ಸರಿನಲ್ಲಿ ಮೊದಲ ದಿನ ಬಾಳೆಹಣ್ಣು ಹಾಲು ಹಾಕಿ ತಿರುಗಿಸಿದೆ. ಇಪ್ಪತ್ತು ವರ್ಷ ಒಣಮೆಣಸು ಅರೆದ ಜಾರು, ಎಷ್ಟು ತೊಳೆದರೂ ಖಾರ ಬಿಡುವುದುಂಟೇ? ಒಂದು ಗುಟುಕಿಗೆ ಮಾವನ ಕಣ್ಣಲ್ಲಿ ನೀರು ಬಂತು. ಬಯ್ಯಲು ಬಾಯಿ ಇಲ್ಲ, ಲೋಟ ಕುಕ್ಕಿ ಎದ್ದುಹೋದರು. ಆಮೇಲೆ ನಾನು ಜಾಣೆ, ಫೋನಿನಲ್ಲಿ ಜಾಹೀರಾತು ನೋಡಿ ಸ್ಮೂದಿ ಮಾಡುವ ಬಾಟಲಿಯೊಂದನ್ನು ತರಿಸಿದೆ. ಗುಲಾಬಿ ಬಣ್ಣದ್ದು, ಮೊಬೈಲಿನ ಹಾಗೆ ಚಾರ್ಜ್ ಮಾಡುವುದು. ಜಾಹೀರಾತಿನ ಹುಡುಗಿ ನಗುತ್ತಾ ಮಂಜುಗಡ್ಡೆಯನ್ನೇ ಪುಡಿ ಮಾಡುತ್ತಿದ್ದಳು. ನಮ್ಮನೆಗೆ ಬಂದದ್ದು ಬೇಯಿಸಿದ ಗಜ್ಜರಿಗೂ ಏದುಸಿರು ಬಿಡುತ್ತಿತ್ತು. ಅದರ ಚೂರುಗಳು ಮಾವನ ತಂತಿಯ ಸಂದಿಗೆ ಸಿಕ್ಕಿಕೊಂಡು, ಬ್ರಶ್ಶಿನ ತುದಿಯಿಂದ ಒಂದೊಂದನ್ನೇ ತೆಗೆಯುವಾಗ ಅವರೂ ಅತ್ತರು, ನಾನೂ ಅತ್ತೆ.

ನಿಮ್ಮ ಮಗನಿಗೆ ಆಗ ಭಟ್ಕಳದ ಗೆಳೆಯನ ನೆನಪಾಯಿತು. ದುಬೈಯಿಂದ ಬಂದ ಗಾಜಿನ ಜಾರಿನ ದೊಡ್ಡ ಬ್ಲೆಂಡರ್ ಇದೆಯಂತೆ, ಒಂಬತ್ತು ಸಾವಿರವಂತೆ, ಸಾವಿರದಿನ್ನೂರು ವ್ಯಾಟ್ ಅಂತೆ. ಅಪ್ಪನಿಗಾಗಿ ತಾನೇ ಎಂದರು. ಬೇಡ ಎನ್ನಲು ನನಗೂ ಬಾಯಿ ಬರಲಿಲ್ಲ. ಆದರೆ ಎರಡು ಸಲ ಮೋಸ ಹೋದವಳಿಗೆ ಸ್ವಲ್ಪ ಬುದ್ಧಿ ಬಂದಿತ್ತು. ಕಣ್ಣೆದುರು ತಿರುಗಿಸಿ ತೋರಿಸದ ಯಂತ್ರವನ್ನು ಕೊಳ್ಳುವುದಿಲ್ಲ ಎಂದೆ. ಕುಮಟೆಯ ಎರಡು ಅಂಗಡಿಯವರು ಪೆಟ್ಟಿಗೆ ಒಡೆಯಲು ಒಪ್ಪಲಿಲ್ಲ. ಹೊನ್ನಾವರದಲ್ಲಿ ತೋರಿಸುತ್ತಾರೆ ಎಂದು ಯಾರೋ ಹೇಳಿದರು. ಅಂಗನವಾಡಿಗೆ ಅರ್ಧ ದಿನ ರಜೆ ಹಾಕಿ, ಡಬ್ಬಿಯಲ್ಲಿ ನಮ್ಮ ಕೆಂಪು ಕುಚ್ಚಲಕ್ಕಿಯ ಅನ್ನ, ಇನ್ನೊಂದರಲ್ಲಿ ಬೇಯಿಸಿದ ಅಲಸಂದೆ, ಜೊತೆಗೆ ಚಹಾ ಜರಡಿ, ನಾಲ್ಕು ಸ್ಟ್ರಾ ಚೀಲಕ್ಕೆ ತುರುಕಿ ಬಸ್ಸು ಹತ್ತಿದೆ. ಕಂಡಕ್ಟರ್ ನಾನು ಪಿಕ್ನಿಕ್ಕಿಗೆ ಹೊರಟೆ ಎಂದುಕೊಂಡಿರಬೇಕು.

ಅಂಗಡಿಯ ಯಜಮಾನರು ನನ್ನ ಡಬ್ಬಿ ನೋಡಿ ನಕ್ಕರು. ನಗಲಿ ಎಂದುಕೊಂಡೆ. ಮೊದಲು ಅವರು ಹೆಮ್ಮೆಯಿಂದ ಎತ್ತಿಟ್ಟದ್ದು ಭಟ್ಕಳದ್ದರ ಅಣ್ಣನಂತಿದ್ದ ದೊಡ್ಡ ಬ್ಲೆಂಡರ್. ಒಂದು ಲೋಟ ಅನ್ನ ಹಾಕಿ ತಿರುಗಿಸಿದರೆ ಅನ್ನವೆಲ್ಲ ಮೇಲೆ ಹಾರಿ ಗೋಡೆಗೆ ಅಂಟಿಕೊಂಡಿತು, ಕೆಳಗೆ ಬ್ಲೇಡು ಬರಿದೇ ಗುಂಯ್‌ಗುಟ್ಟಿತು. ಇನ್ನಷ್ಟು ಹಾಕಬೇಕು ಎಂದರು ಯಜಮಾನರು. ಮಾವ ಒಂದು ಹೊತ್ತಿಗೆ ಕುಡಿಯುವುದೇ ಒಂದು ಲೋಟ, ಇನ್ನೆಷ್ಟು ಹಾಕಲಿ? ಅವರು ಬೇರೆ ಗಿರಾಕಿಯ ಕಡೆ ತಿರುಗಿದಾಗ ಅಲ್ಲಿ ಕೆಲಸಕ್ಕಿರುವ ಅರ್ಚನಾ ಎಂಬ ಹುಡುಗಿ ಹತ್ತಿರ ಬಂದು ಮೆಲ್ಲಗೆ ಹೇಳಿದಳು: "ವ್ಯಾಟ್ ನೋಡ್ಬೇಡಿ ಅಕ್ಕ, ಜಾರಿನ ತಳ ನೋಡಿ. ಒಬ್ರಿಗೆ ಅರಿಯೂಕೆ ಸಣ್ಣ ತಳದ್ದೇ ಸಮ." ಅವಳ ಅಜ್ಜಿಗೂ ಹಲ್ಲಿಲ್ಲವಂತೆ. ಅವಳೇ ಮೂಲೆಯಿಂದ ಸಾದಾ ಐನೂರು ವ್ಯಾಟಿನದೊಂದನ್ನು ತೆಗೆದಳು. ಎರಡು ಸಣ್ಣ ಜಾರು, ಒಂದು ನಡುವಿನದು, ಕೆಳಗೆ ಸಪೂರ. ಅನ್ನ, ಅಲಸಂದೆ, ಬಿಸಿನೀರು ಹಾಕಿ ನಿಲ್ಲಿಸಿ ನಿಲ್ಲಿಸಿ ಮೂರು ಸಲ ತಿರುಗಿಸಿ ಜರಡಿಗೆ ಸುರಿದರೆ ಮೇಲೆ ಉಳಿದದ್ದು ಒಂದು ಚಮಚ ಸಿಪ್ಪೆ. ನಾನು ಅಲ್ಲೇ ಸ್ಟ್ರಾ ಹಾಕಿ ಹಲ್ಲು ಕಚ್ಚಿಕೊಂಡು ಹೀರಿದೆ. ಸರಾಗವಾಗಿ ಬಂತು. ಎರಡು ಸಾವಿರದ ಮುನ್ನೂರು ಕೊಟ್ಟು, ಮಡಿಲಲ್ಲಿ ಇಟ್ಟುಕೊಂಡು ತಂದೆ. ಒಂದು ಸಣ್ಣ ಜಾರಿನ ಹಿಡಿಗೆ ಕೆಂಪು ನೂಲು ಕಟ್ಟಿದ್ದೇನೆ, ಅದು ಖಾರಕ್ಕೆ. ಇನ್ನೊಂದು ಹಾಲು ಹಣ್ಣಿಗೆ. ನೀವು ಬಂದಮೇಲೆ ದಯಮಾಡಿ ಅದನ್ನು ಅದಲುಬದಲು ಮಾಡಬೇಡಿ.

ಇಷ್ಟಾದ ಮೇಲೆ ಎಲ್ಲ ಸರಿಯಾಯಿತು ಎಂದುಕೊಂಡೆ. ಆಗಲಿಲ್ಲ. ನನ್ನ ತಪ್ಪು ಇಲ್ಲಿಂದ ಶುರು. ಬಾಳೆಹಣ್ಣಿನ ಸ್ಮೂದಿ, ಚಿಕ್ಕುವಿನದು, ರಾಗಿಯದು, ಖರ್ಜೂರದ್ದು ಎಂದು ಬಗೆಬಗೆಯಲ್ಲಿ ಅರೆದೆ. ಕೇರಿಯವರೂ ಬಿಡಲಿಲ್ಲ. ಸುಕ್ರಜ್ಜಿ ಬಾಳೆಗೊನೆಯನ್ನೇ ತಂದಿಟ್ಟರು. ಅರವತ್ತೆರಡು ವರ್ಷದ ಮನುಷ್ಯನನ್ನು ನಾನು ಅಂಗನವಾಡಿಯ ಮಗುವಿನ ಹಾಗೆ ಎದುರು ಕೂರಿಸಿ, ಇನ್ನೊಂದು ಗುಟುಕು ಮಾವ, ಇನ್ನೊಂದೇ ಗುಟುಕು ಎಂದು ಬೇಡಿದೆ. ಎರಡು ದಿನ ಕುಡಿದರು. ಮೂರನೆಯ ದಿನ ಪಟ್ಟಿ ಪುಸ್ತಕದಲ್ಲಿ "ಸಾಕು" ಎಂದು ಬರೆದು ಗೋಡೆಯ ಕಡೆ ತಿರುಗಿ ಮಲಗಿದರು. ಈಗ ಮಾತೆಲ್ಲ ಆ ನೂರು ಪುಟದ ಪಟ್ಟಿಯಲ್ಲೇ. ಮೀನು ಮಾತ್ರ ಯಾರ ಬಾಯಲ್ಲೂ ಬರಲಿಲ್ಲ. ಹೊಲಿಗೆ ಬಿದ್ದ ಮೈಗೆ ಮೀನು ನಂಜು, ಪೂರಾ ಮಾಯುವವರೆಗೆ ಮುಟ್ಟಿಸಬೇಡ ಎಂದು ನೀವೂ ಹೇಳಿದ್ದಿರಿ, ನನ್ನ ಆಯಿಯೂ ಹಾಗೇ ಹೇಳಿ ಬೆಳೆಸಿದ್ದಾಳೆ. ನನಗೂ ಅದು ಬೇರೆ ಥರ ಇರಬಹುದೆಂದು ಹೊಳೆಯಲೇ ಇಲ್ಲ.

ನಾವಿಬ್ಬರು ಉಣ್ಣುವಾಗ ಮಾವ ಹೊರಜಗಲಿಯಲ್ಲಿ ಕೂತಿರುತ್ತಿದ್ದರು. ಅವರೆದುರು ಬಂಗಡೆ ಸಾರು ಬಡಿಸಿಕೊಳ್ಳಲು ನನಗೆ ನಾಚಿಕೆ. ಹಾಗಾಗಿ ಅಡುಗೆಮನೆಯ ಕದ ಹಾಕಿಕೊಂಡು ಕಳ್ಳರ ಹಾಗೆ ಉಣ್ಣುತ್ತಿದ್ದೆವು. ತೂಕ ಐವತ್ತೊಂದು ಎಂದಾದ ಮೇಲಿನ ಸೋಮವಾರ ಉಂಡು ಕದ ತೆರೆದರೆ ಮಾವ ಕದದ ಹೊರಗೇ ನಿಂತಿದ್ದರು. ಪಟ್ಟಿ ನನ್ನ ಕೈಗೆ ಕೊಟ್ಟರು. "ಕದ ಯಾಕೆ ಹಾಕುತ್ತೀ? ವಾಸನೆಯಾದರೂ ಬರಲಿ" ಎಂದು ಬರೆದಿತ್ತು.

ಅತ್ತೆ, ನನಗೆ ಭೂಮಿ ಬಾಯಿಬಿಡಬಾರದೇ ಅನಿಸಿತು. ಹುಟ್ಟಿದ ಲಾಗಾಯ್ತು ಮೀನಿಲ್ಲದೆ ಅನ್ನ ಇಳಿಯದ ಮನುಷ್ಯನಿಗೆ ಊರೆಲ್ಲ ಸೇರಿ ಬಾಳೆಹಣ್ಣು ಕುಡಿಸುತ್ತಿದ್ದೆವು, ನಿನಗೆ ಏನು ಬೇಕು ಎಂದು ಒಬ್ಬರೂ ಕೇಳಲಿಲ್ಲ. ಬಾಯಿ ಕಟ್ಟಿದ್ದಾರೆಂದು ಕೇಳುವುದನ್ನೇ ಮರೆತಿದ್ದೆವು. ಆಗಲೇ ಡಾಕ್ಟರಿಗೆ ಫೋನ್ ಮಾಡಿದೆ. ಹೊಲಿಗೆ ಬಿಚ್ಚಿ ಎರಡು ವಾರವಾಗಿದೆ, ಗಾಯ ಒಣಗಿದೆ, ಮುಳ್ಳಿಲ್ಲದೆ ಸ್ಟ್ರಾದಲ್ಲಿ ಹೋದರೆ ಯಾವ ಮೀನಾದರೂ ಕೊಡಿ, ಅದನ್ನೇ ಕೊಡಬೇಕಿತ್ತು ಎಂದು ಅವರು ನನಗೇ ಬೈದರು. ನಿಮಗೆ ಫೋನ್ ಮಾಡಲಿಲ್ಲ. ಮಾಡಿದ್ದರೆ ಬೇಡ ಎನ್ನುತ್ತಿದ್ದಿರಿ, ನೀವು ಬೇಡ ಎಂದಮೇಲೆ ಮಾಡುವ ಧೈರ್ಯ ನನಗಿಲ್ಲ. ಇದಕ್ಕೆ ಎಷ್ಟು ಬೈದರೂ ಬೈಸಿಕೊಳ್ಳುತ್ತೇನೆ.

ಮರುದಿನ ಬಂಗಡೆ ಸಾರಿಗೆ ಮೆಣಸು ಅರ್ಧ ಮಾಡಿ, ಹುಳಿಗೆ ಮುರಗಲು ಹಾಕಿ ಕುದಿಸಿದೆ. ಮೀನನ್ನು ಬೆರಳಲ್ಲಿ ಬಿಡಿಸಿ ಬಿಡಿಸಿ ಒಂದು ಮುಳ್ಳೂ ಉಳಿಯದ ಹಾಗೆ ತೆಗೆದು, ಅನ್ನದ ಜೊತೆ ಕೆಂಪು ನೂಲಿನ ಜಾರಿಗೆ ಹಾಕಿ ನುಣ್ಣಗೆ ಅರೆದು, ಎರಡು ಸಲ ಸೋಸಿದೆ. ನೋಡಲು ಚೆಂದವೇನೂ ಇರಲಿಲ್ಲ, ಗೋಡೆಗೆ ಬಳಿಯುವ ಕೆಮ್ಮಣ್ಣಿನ ನೀರಿನ ಹಾಗಿತ್ತು. ಮಾವ ಒಂದು ಗುಟುಕು ಎಳೆದು ನಿಲ್ಲಿಸಿದರು. ಆಮೇಲೆ ಕಣ್ಣು ಮುಚ್ಚಿ, ಲೋಟದ ತಳದಲ್ಲಿ ಸ್ಟ್ರಾ ಸದ್ದು ಮಾಡುವವರೆಗೆ ಬಿಡಲಿಲ್ಲ. ಲೋಟವನ್ನು ಮತ್ತೆ ನನ್ನ ಕಡೆ ಚಾಚಿದರು. ಎರಡನೆಯದೂ ಮುಗಿದ ಮೇಲೆ ಪಟ್ಟಿ ಎಳೆದು "ಉಪ್ಪು ಕಡಿಮೆ" ಎಂದು ಬರೆದರು. ನಾನು ಈ ಮನೆಗೆ ಬಂದ ಆರು ವರ್ಷದಲ್ಲಿ ಮಾವ ನನ್ನ ಅಡುಗೆಗೆ ತೆಗೆದ ತಪ್ಪುಗಳನ್ನೆಲ್ಲ ಅವತ್ತು ಮನ್ನಿಸಿಬಿಟ್ಟೆ. ತಪ್ಪು ಹುಡುಕಲು ಶುರು ಮಾಡಿದರೆಂದರೆ ಮನುಷ್ಯ ಬದುಕಿಕೊಂಡ ಎಂದೇ ಲೆಕ್ಕ.

ಆಮೇಲಿನದು ಬೇಗ ಹೇಳುತ್ತೇನೆ. ಅಂಗನವಾಡಿಯ ತೂಕದ ಯಂತ್ರವನ್ನು ಸಂಜೆ ಮನೆಗೆ ತಂದು ಮಾವನನ್ನು ಹತ್ತಿಸುತ್ತೇನೆ, ಅವರು ಯಾರೂ ನೋಡಬಾರದೆಂದು ಅಂಗಳದ ಕಡೆ ಬೆನ್ನು ಮಾಡಿ ನಿಲ್ಲುತ್ತಾರೆ. ಮೊದಲ ವಾರ ಐವತ್ತೆರಡು, ನಿನ್ನೆ ಐವತ್ತಮೂರೂವರೆ. ಮಧ್ಯಾಹ್ನ ಮೀನು, ರಾತ್ರಿ ತಿಳಿಸಾರು ಅನ್ನ, ಬೆಳಿಗ್ಗೆ ಮಾತ್ರ ಒಂದು ಲೋಟ ಚಿಕ್ಕು ಹಾಲು. ಅದನ್ನು ನನ್ನ ಮುಖ ನೋಡಿ ಕುಡಿಯುತ್ತಾರೆ. ನಳಿಗೆಯ ಮಾತು ಇನ್ನಿಲ್ಲ ಎಂದು ಡಾಕ್ಟರ್ ಹೇಳಿದ್ದಾರೆ. ಬರುವ ಗುರುವಾರ ತಂತಿ ಬಿಚ್ಚುತ್ತಾರೆ. ನಿಮ್ಮ ಮಗ ಈಗ ರಾತ್ರಿ ಗೊರಕೆ ಹೊಡೆದು ನಿದ್ದೆ ಮಾಡುತ್ತಾರೆ, ಕೇಳಿ ನನಗೂ ಸಮಾಧಾನ. ನೀವು ಬರುವ ಯೋಚನೆಯನ್ನೇ ಮಾಡಬೇಡಿ. ಎರಡು ತಿಂಗಳು ತುಂಬಲಿ, ಕೂಸು ಗಟ್ಟಿಯಾಗಲಿ, ಆಮೇಲೆ ಎಲ್ಲರೂ ಸೇರಿಯೇ ಬನ್ನಿ.

ಭತ್ತ ಕೊಯ್ದಾಯಿತು, ಹುಲ್ಲು ಇನ್ನೂ ಗದ್ದೆಯಲ್ಲಿದೆ. ನಿಮ್ಮ ಅಬ್ಬಲಿಗೆ ಗಿಡಕ್ಕೆ ನೀರು ತಪ್ಪಿಸಿಲ್ಲ. ಮಾವ ನಿಮಗೆ ಹೇಳು ಎಂದು ಏನೂ ಬರೆದುಕೊಡಲಿಲ್ಲ, ಆದರೆ ನಾನು ಇದನ್ನು ಬರೆಯುವಷ್ಟು ಹೊತ್ತೂ ಇಲ್ಲೇ ಬಾಗಿಲಲ್ಲಿ ಕೂತಿದ್ದಾರೆ. ಕೂಸಿಗೆ ನನ್ನ ಮುದ್ದು, ಅಂಕಿತಾಳಿಗೆ ಪ್ರೀತಿ, ನಿಮಗೆ ನನ್ನ ನಮಸ್ಕಾರ.

ಬೈಸಿಕೊಳ್ಳಲು ತಯಾರಾಗಿರುವ ನಿಮ್ಮ ಸೊಸೆ,
ವಿನುತಾ

ತಾ.ಕ.: ಜಟ್ಟ ಕಾಗದಕ್ಕೆ ಬಂದು ಅಂಗಳದಲ್ಲಿ ನಿಂತಿದ್ದಾನೆ, ಹೇಳಲೇಬೇಕಾದದ್ದನ್ನು ಇನ್ನೂ ಬರೆದೇ ಇಲ್ಲ. ಮೊನ್ನೆ ನೀವು ಕೂಸಿಗೆ ನೀರು ಕಾಯಿಸಲು ಹೋದಾಗ ಅಂಕಿತಾ ನನಗೆ ಫೋನ್ ಮಾಡಿದ್ದಳು. ನಾಲ್ಕು ವಾರದಿಂದ ಕಾಳುಮೆಣಸಿನ ಸಾರು ಅನ್ನ ಅವಳ ಗಂಟಲಲ್ಲಿ ಇಳಿಯುತ್ತಿಲ್ಲವಂತೆ, ನೀವು ನೊಂದುಕೊಳ್ಳುತ್ತೀರೆಂದು ಅರ್ಧ ಅನ್ನವನ್ನು ಬಟ್ಟೆಯಡಿ ಬಚ್ಚಿಟ್ಟು ಆಮೇಲೆ ಚೆಲ್ಲುತ್ತಾಳಂತೆ. ಕೂಸಿಗೆ ಹಾಲು ಸಾಲುತ್ತಿಲ್ಲ ಎಂದು ಅಳುತ್ತಿದ್ದಳು. ಎಲ್ಲ ತಿನ್ನಬಹುದು ಎಂದು ಅಲ್ಲಿಯ ಡಾಕ್ಟರ್ ಎರಡನೆಯ ವಾರವೇ ಹೇಳಿದ್ದಾರಂತೆ. "ಅತ್ಗೆ, ನಂಗೆ ಮೀನ್ಸಾರ್ ಉಣ್ಣೂಕೆ ಆಸೆ. ಆಯಿಗೆ ಹೇಳೂಕೆ ಹೆದ್ರಿಕೆ" ಎಂದಳು. ನಾನು ಹೇಳಿದೆ ಎನ್ನಬೇಡಿ. ಇವತ್ತು ಬಡಿಸುವ ಮೊದಲು ಅವಳನ್ನೇ ಒಮ್ಮೆ ಕೇಳಿ, ನಿಂಗೆ ಎಂತ ಬೇಕೆ ಅಂತ.