ಸುಂಕದ ನಾಕಾದ ಸವತಿ

ಹುಬ್ಬಳ್ಳಿ,
ಮಾಘ ಬಹುಳ ಪಂಚಮಿ, ೧೯೩೭

ಸೌಭಾಗ್ಯವತಿ ಇಂದುಗೆ ನಿನ್ನ ಗಂಡನ ಅಜ್ಜಿ ಅಂಬಾಬಾಯಿಯ ಆಶೀರ್ವಾದ.

ಕೆಮ್ಮು ಇಳಿಯಿತೆ? ನಿಮ್ಮ ತಾಯಿಯ ಮೊಣಕಾಲು ಹೇಗಿದೆ? ಗದಗಿನ ಸವಳು ನೀರಿನಲ್ಲಿ ಬೇಳೆ ಬೇಯುವಷ್ಟರಲ್ಲಿ ನಿನ್ನ ಸಿಟ್ಟೂ ಬೆಂದು ಮೆತ್ತಗಾಗಿರಬೇಕು. ನಾನಂತೂ ನಾಲ್ಕು ಮಂದಿಯನ್ನು ಬೈಯುವಷ್ಟು ಗಟ್ಟಿಯಾಗಿದ್ದೇನೆ.

ಹುಣ್ಣಿಮೆ ಬಂದರೆ ಏಕನಾಥ ಸೈಕಲ್ಲು ಹತ್ತಿ ಎಲ್ಲಿಗೋ ಹೋಗುತ್ತಾನೆ, ಫೋಟೋ ಎನ್ನುವುದು ಬರೀ ನೆವ, ಅಲ್ಲೊಬ್ಬಳು ಇದ್ದಾಳೆ ಎಂದು ಅತ್ತು ನೀನು ತವರಿಗೆ ಹೋದೆಯಲ್ಲ? ಈ ಹುಣ್ಣಿಮೆಗೆ ನಾನೇ ಅವನ ಬೆನ್ನು ಹತ್ತಿದೆ. “ನಡಿಯೋ, ಆಕೀನ್ನ ತೋರಸು” ಎಂದೆ. “ಬಾ ಅಜ್ಜಿ, ಶಾಲು ಹೊದಕೋ, ಥಂಡಿ ಅದ” ಎಂದು ನಕ್ಕು ಟಾಂಗಾ ಕರೆಸಿದ.

ನಿನ್ನ ಸವತಿಯನ್ನು ಕಣ್ಣಾರೆ ಕಂಡೆನಮ್ಮಾ. ಸುಳ್ಳ ಗ್ರಾಮದ ದಾರಿಯಲ್ಲಿ ಒಬ್ಬಳೇ ನಿಂತಿದ್ದಾಳೆ, ಹಾಳುಬಿದ್ದ ಸುಂಕದ ನಾಕಾ! ತಲೆಯ ಮೇಲೆ ಅರ್ಧ ಹಂಚಿಲ್ಲ, ಸೊಂಟದಲ್ಲಿ ಅರಳಿಗಿಡ ಹುಟ್ಟಿದೆ, ಬಾಗಿಲನ್ನು ಯಾರೋ ಒಲೆಗೆ ಒಯ್ದಿದ್ದಾರೆ. ಇಂಥವಳಿಗಾಗಿ ನೀನು ಎರಡು ದಿನ ಊಟ ಬಿಟ್ಟೆ! ಆದರೂ ಬೆಳದಿಂಗಳು ಬಿದ್ದಾಗ, ಖರೇ ಹೇಳುತ್ತೇನೆ, ಚಂದ ಕಂಡಳು.

ರಾತ್ರಿಯ ಫೋಟೋಕ್ಕೆ ಪೆಟ್ಟಿಗೆಯ ಕಣ್ಣು ಬಹಳ ಹೊತ್ತು ತೆರೆದಿರಬೇಕಂತೆ. ನಡುವೆ ಕಂದೀಲು ಕಟ್ಟಿದ ಗಾಡಿ ಬಂದರೆ ಆ ಕಣ್ಣಿಗೆ ಕರಿ ಟೊಪ್ಪಿಗೆ ಅಡ್ಡ ಹಿಡಿಯಬೇಕು. ಅದನ್ನು ನನ್ನ ಕೈಗೆ ಕೊಟ್ಟು, ತಾನು ಮುಂದಿನ ತಿರುವಿನಲ್ಲಿ ಆ ಕಡೆಯಿಂದ ಬರುವ ಗಾಡಿಗಳನ್ನು ತಡೆಯಲು ಹೋದ. ಅಷ್ಟರಲ್ಲಿ ಇತ್ತ ಕಡೆಯಿಂದ ಹತ್ತಿಗಾಡಿಯ ಮಕಬೂಲಸಾಬ ಬಂದ. “ಯಾಕ್ರಿ ಬಾಯಾರ, ಇಷ್ಟೊತ್ನ್ಯಾಗ ಇಲ್ಲಿ?” ಎಂದು ಗಾಡಿ ನಿಲ್ಲಿಸಿದ. ಅವನ ಮಗಳ ಬಾಣಂತನ ವಿಚಾರಿಸದೆ ಹೇಗೆ ಬಿಡಲಿ? ಟೊಪ್ಪಿಗೆ ಮಡಿಲಲ್ಲೇ ಉಳಿಯಿತು. ಆ ಫೋಟೋ ಇದರೊಳಗೆ ಇಟ್ಟಿದ್ದೇನೆ, ನೋಡು. ನಾಕಾಕ್ಕೆ ಅಡ್ಡ ಎಳೆದ ಬಿಳಿ ಗೆರೆ ಅವನ ಕಂದೀಲು. ನಡುವಿನ ದೊಡ್ಡ ಬಿಳಿ ಮುದ್ದೆ ನಮ್ಮ ಮಾತುಕತೆ.

ನಿಮ್ಮ ತಂದೆತಾಯಿಗೆ ನನ್ನ ನಮಸ್ಕಾರ. ನಿನ್ನ ಕುಂಕುಮ ಗಟ್ಟಿಯಾಗಿರಲಿ, ಬುದ್ಧಿಯೂ.

ಇತಿ,
ಅಂಬಾಬಾಯಿ

ತಾ.ಕ.: ಟಪಾಲಿಗೆ ಹಾಕಲು ಏಕ್ಯಾನೇ ಬಾಗಿಲಲ್ಲಿ ನಿಂತಿದ್ದಾನೆ, ಅವನಿಗೆ ಕಾಣದಂತೆ ಬರೆಯುತ್ತಿದ್ದೇನೆ. ಮರಳುವಾಗ ಟಾಂಗಾದಲ್ಲಿ “ಹೇಣತೀನ್ನ ಯಾಕ ಕರಕೊಂಡು ಬರೂದಿಲ್ಲೋ?” ಎಂದೆ. “ಆಕಿಗೂ ಆಶಾ ಇತ್ತು ಅಜ್ಜಿ, ನೀ ಬಿಡತೀಯೇನ?” ಎಂದ. ನನ್ನನ್ನು ಯಾವಾಗ ಕೇಳಿದ್ದಿರಿ, ಇಬ್ಬರೂ ಮಂಗ್ಯಾಗಳೇ? ಬಿಟ್ಟಿದ್ದೇನೆ. ಟೊಪ್ಪಿಗೆ ಹಿಡಿಯುವ ನೌಕರಿಯಿಂದ ನನ್ನನ್ನು ತೆಗೆದುಹಾಕಿದ್ದಾನೆ. ಜಾಗ ಖಾಲಿ ಇದೆ. ಹೋಳಿ ಹುಣ್ಣಿಮೆಯೊಳಗೆ ಬಾ. ದಪ್ಪ ಶಾಲು ಮರೆಯಬೇಡ.