ಮೂರನೇ ಕಾಲಮಿನಲ್ಲಿ ಅಕ್ಕ

ಅಮ್ಮನ ಕೋಣೆ, ಕಿಟಕಿ ಪಕ್ಕದ ಹೊಲಿಗೆ ಮೆಷಿನ್ನಿನ ಮೇಲೆ ಹಾಳೆಯಿಟ್ಟುಕೊಂಡು
ಭಾನುವಾರ, ಹದಿನಾಲ್ಕನೇ ತಾರೀಕು, ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಬೆನ್ನು ಹೇಗಿದೆ? ಹೊಲಿಗೆ ಬಿಚ್ಚಿದರಾ? ಫೋನಿನಲ್ಲಿ ಕೇಳಿದರೆ "ನಾನು ಚೆನ್ನಾಗಿದ್ದೀನಿ ಕಣೆ, ನೀನು ಊಟ ಮಾಡಿದ್ಯಾ?" ಅಂತ ಮಾತನ್ನು ನನ್ನ ಕಡೆಗೇ ತಿರುಗಿಸಿಬಿಡುತ್ತೀಯ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ, ಕಾಗದಕ್ಕೆ ಅಡ್ಡ ಮಾತಾಡಲು ಬರುವುದಿಲ್ಲ. ನಿನ್ನ ವಾರ್ಡಿನ ಸಿಸ್ಟರ್ ಮೊನ್ನೆ ಒಂದು ಸುದ್ದಿ ಹೇಳಿದರು. ಪಕ್ಕದ ಮಂಚದ ಅಜ್ಜಿಯ ದಿಂಬು ಸರಿಮಾಡಲು ನೀನು ಎದ್ದು ಹೋಗಿ, ಡಾಕ್ಟರ ಕೈಯಲ್ಲಿ ಸಿಕ್ಕಿಬಿದ್ದು ಬೈಸಿಕೊಂಡೆಯಂತೆ. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ ಅನ್ನುವುದು ನಿನ್ನನ್ನು ನೋಡಿಯೇ ಇರಬೇಕು. ದಯವಿಟ್ಟು ಇನ್ನು ಆರು ವಾರ ಮಲಗು. ಯಾರ ದಿಂಬು ಎಲ್ಲಿ ಜಾರಿದರೂ ಕಣ್ಣು ಮುಚ್ಚಿಕೊಂಡು ಮಲಗು.

ಅಮ್ಮ ಈಗಷ್ಟೇ ನಿದ್ದೆಹೋಗಿದ್ದಾಳೆ. ಲಕ್ವ ಹೊಡೆದ ಎಡಗೈ, ಎಡಗಾಲು ಹಾಗೇ ಇವೆ, ನಾಲಿಗೆ ಮಾತ್ರ ಎಂದಿನಂತೆ ಕತ್ತರಿ. ನಾನು ಹಾಸಿಗೆ ಹಾಸಿದರೆ "ಇದೇನು ಹಾಸಿಗೆನಾ, ಇಸ್ತ್ರಿ ಕಾಣದ ಲಂಗಾನಾ?" ಅನ್ನುತ್ತಾಳೆ. ಮೂವತ್ತೈದು ವರ್ಷ ಊರಿನವರ ಬಟ್ಟೆ ಹೊಲಿದವಳಿಗೆ ನನ್ನ ಕೈಕೆಲಸ ಎಲ್ಲಿ ಹಿಡಿಸಬೇಕು? ಸೊಂಟದ ಹುಣ್ಣು ಮೊದಲು ಕೋಟಿನ ಗುಂಡಿಯಷ್ಟಿತ್ತಲ್ಲ, ಈಗ ಅಂಗಿಯ ಗುಂಡಿಯಷ್ಟಾಗಿದೆ. ಇದು ಅವಳದೇ ಅಳತೆ, ಕೈಗನ್ನಡಿ ಹಿಡಿಸಿ ನೋಡಿಕೊಂಡು ಹೇಳಿದ್ದು. ಮಗ್ಗುಲು ಬದಲಿಸುವಾಗ ಒಮ್ಮೊಮ್ಮೆ "ಅವಳಿದ್ದಿದ್ರೆ..." ಅಂತ ಶುರುಮಾಡಿ, ನನ್ನ ಮುಖ ನೋಡಿ ಅಲ್ಲಿಗೇ ನಿಲ್ಲಿಸುತ್ತಾಳೆ. ನನಗೆ ಅರ್ಧ ದಿನ ರಜೆ, ಅರ್ಧ ದಿನ ಆಫೀಸು. ನಾನಿಲ್ಲದ ಹೊತ್ತು ಎದುರುಮನೆಯ ಬೀಗ ರಿಪೇರಿಯವರ ಹೆಂಡತಿ ಬಂದು ಕೂರುತ್ತಾರೆ. ಒಳ್ಳೆಯ ಹೆಂಗಸು, ಆದರೆ ಅಮ್ಮ ಹೊಲಿದ ರವಿಕೆಯ ಅಳತೆ ಸರಿಯಿಲ್ಲ ಅಂದುಬಿಟ್ಟು ಮೊದಲ ದಿನವೇ ಜಗಳವಾಗಿತ್ತು. ಈಗ ಇಬ್ಬರೂ ಸರಿಹೋಗಿದ್ದಾರೆ.

ಇನ್ನು ನಿನಗೆ ಹೇಳಲೇಬೇಕಾದ ವಿಷಯ. ಮೂರು ವಾರದಿಂದ ಬಾಯಿ ತೆರೆಯುತ್ತೇನೆ, ಮುಚ್ಚುತ್ತೇನೆ. ಯಾರಾದರೂ ನನ್ನ ಕೆಲಸ ಏನು ಅಂತ ಕೇಳಿದರೆ ನೀನು "ನಮ್ಮ ಲೆಕ್ಕದಮ್ಮ ಸರ್ಕಾರಕ್ಕೇ ಲೆಕ್ಕ ಹೇಳ್ಕೊಡ್ತಾಳೆ" ಅಂತ ಹೆಮ್ಮೆಪಡುತ್ತೀಯ. ಅದು ಅಷ್ಟು ದೊಡ್ಡದೇನಲ್ಲ. ಶಾಸನಸಭೆಗೆ ಯಾವ ಮಸೂದೆ ಬಂದರೂ ಅದರ ಜೊತೆ ಒಂದು ಹಾಳೆ ಹೋಗಬೇಕು, ಅದಕ್ಕೆ ವೆಚ್ಚ ಟಿಪ್ಪಣಿ ಅನ್ನುತ್ತೇವೆ. ಕಾಯ್ದೆ ಹೀಗೆ ಬದಲಾದರೆ ಜನರ ದುಡ್ಡು ಎಷ್ಟು ಹೋಗುತ್ತದೆ, ಎಷ್ಟು ಉಳಿಯುತ್ತದೆ ಅನ್ನುವ ಅಂದಾಜು ಅದು. ಆರೋಗ್ಯ ಕಾಯ್ದೆಯ ಹಾಳೆಗಳೆಲ್ಲ ನನ್ನ ಮೇಜಿಗೆ ಬರುತ್ತವೆ. ಅದರಲ್ಲಿ ಮೂರು ಕಾಲಂ ಇರುತ್ತದೆ. ಮೊದಲನೆಯದು ಖರ್ಚು, ಎರಡನೆಯದು ಉಳಿತಾಯ, ಮೂರನೆಯದು ಇತರರ ಮೇಲೆ ಬೀಳುವ ಹೊರೆ. ಕಾಯ್ದೆಯಾದ ಮೇಲೆ ಇದರ ಪ್ರತಿಯನ್ನು ಆರೋಗ್ಯ ಕೇಂದ್ರಗಳ ಬೋರ್ಡಿಗೂ ಹಾಕುತ್ತಾರೆ. ಕೆಳಗೆ ಬರೆದವರ ಸಹಿ. ನನ್ನ ಸಹಿ ನೋಡಿ ಸೂಜಿಗೆ ದಾರ ಗಂಟುಬಿದ್ದ ಹಾಗಿದೆ ಅಂತ ನಗುತ್ತಿದ್ದೆಯಲ್ಲ, ಅದೇ ಸಹಿ.

ಮೂರು ವರ್ಷದ ಹಿಂದೆ ಒಂದು ತಿದ್ದುಪಡಿ ಬಂತು. ಹಾಸಿಗೆ ಹಿಡಿದವರ ಮನೆಗೆ ವಾರಕ್ಕೆ ಮೂರು ಸಲ ಬರುತ್ತಿದ್ದ ನರ್ಸು ಮತ್ತು ಸಹಾಯಕಿ ಇನ್ನುಮುಂದೆ ಮೊದಲ ಮೂವತ್ತು ದಿನ ಮಾತ್ರ ಬರುವುದು, ಆಮೇಲೆ ಮನೆಯವರೇ ರೋಗಿಯನ್ನು ಆರೋಗ್ಯ ಕೇಂದ್ರಕ್ಕೆ ಕರೆತರುವುದು ಅಂತ. ಹೌದು ಅಕ್ಕ, ನಮ್ಮ ನರ್ಸಮ್ಮ ಬರುವುದು ನಿಂತಿತಲ್ಲ, ಅದೇ ಕಾಯ್ದೆ. ಅದರ ಟಿಪ್ಪಣಿ ಬರೆದವಳು ನಾನು.

ಮೊದಲ ಎರಡು ಕಾಲಂ ಸುಲಭವಾಗಿತ್ತು. ನರ್ಸುಗಳ ಸಂಬಳ, ವ್ಯಾನಿನ ಎಣ್ಣೆ, ಬ್ಯಾಂಡೇಜು ಎಲ್ಲ ಕೂಡಿಸಿದರೆ ಉಳಿತಾಯ ಬಂತು, ನೋಡಲು ಚೆನ್ನಾಗಿಯೇ ಇತ್ತು. ಮೂರನೆಯದಕ್ಕೆ ಬಂದಾಗ ಕೈ ನಿಂತಿತು. ನಮ್ಮ ಆಫೀಸಿನಲ್ಲಿ ಒಂದು ರೂಢಿಯಿದೆ. ಸಂಬಳಕ್ಕೆ ಹೋಗುವವರು ರಜೆ ಹಾಕಬೇಕಾದರೆ ಅದನ್ನು ನಷ್ಟ ಅಂತ ಬರೆಯಬೇಕು, ಸಂಬಳವಿಲ್ಲದೆ ಮನೆಯಲ್ಲಿರುವವರ ಹೊತ್ತಿಗೆ ಬೆಲೆ ಕಟ್ಟುವ ಹಾಗಿಲ್ಲ. ದಶಮಾಂಶ ಸಾಹೇಬರು ನಾನು ಸೇರಿದ ವಾರವೇ ಇದನ್ನು ಕಲಿಸಿದ್ದರು. ಅವರು ನನ್ನ ಮೇಲಧಿಕಾರಿ, ಬಿಂದುವಿನ ಆಚೆ ಎರಡು ಅಂಕಿ ನೋಡದೆ ಚಹಾಕ್ಕೂ ದುಡ್ಡು ಕೊಡದ ಮನುಷ್ಯ. ಆದರೆ ತಪ್ಪನ್ನು ರೂಢಿಯ ತಲೆಗೆ ಕಟ್ಟಿ ನಾನು ಕೈತೊಳೆದುಕೊಳ್ಳುವುದಿಲ್ಲ. ಆ ದಿನ ಹೊಲಸು ಬಟ್ಟೆ, ಹುಣ್ಣು, ಎತ್ತುವುದು ಇಳಿಸುವುದು ಎಲ್ಲ ನನ್ನ ಕಣ್ಣಮುಂದೆ ಬಂದಿತ್ತು. ಇದನ್ನೆಲ್ಲ ಯಾರು ಮಾಡುತ್ತಾರೆ ಅಂತ ಯೋಚಿಸಿದೆ. "ಅಕ್ಕ ಇದ್ದಾಳಲ್ಲ" ಅಂದಿತು ಮನಸ್ಸು. ಎಲ್ಲರ ಮನೆಯಲ್ಲೂ ಇಂಥ ಒಬ್ಬಳು ಅಕ್ಕ ಇರುತ್ತಾಳೆ ಅಂದುಕೊಂಡು, ನಿನ್ನನ್ನೇ ನೆನೆದು, ಮೂರನೇ ಕಾಲಮಿನಲ್ಲಿ "ಗಣನೀಯವಲ್ಲ" ಅಂತ ಬರೆದೆ. ಸಂಜೆ ಮನೆಗೆ ಬಂದರೆ ನೀನು ಒಲೆಯ ಮುಂದೆ ನಿಂತಿದ್ದೆ. ಅಮ್ಮನ ಟೈಲರ್ ಅಂಗಡಿಯ ಬಾಗಿಲು ಹಾಕಿ ಬೀಗದ ಕೈ ಮಾಲೀಕರಿಗೆ ಕೊಟ್ಟುಬಂದು ನಿನಗೆ ಆಗ ಒಂದು ತಿಂಗಳೂ ಆಗಿರಲಿಲ್ಲ. ನೀನು ಕಲಸಿಕೊಟ್ಟದ್ದನ್ನು ನಾನು ನೆಮ್ಮದಿಯಾಗಿ ಉಂಡೆ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಇಲಾಖೆಗೆ ದುಡ್ಡು ಸಾಲಲಿಲ್ಲ, ಬರೆ ಬಿದ್ದದ್ದು ನಿನ್ನ ಬೆನ್ನಿಗೆ. ಇಬ್ಬರು ಸೇರಿ ಎತ್ತುತ್ತಿದ್ದ ಅಮ್ಮನನ್ನು ನೀನೊಬ್ಬಳೇ ಎತ್ತಿದೆ, ಮೂರು ವರ್ಷ. ಕಳೆದ ತಿಂಗಳು ಅಮ್ಮನನ್ನು ಗಾಲಿಕುರ್ಚಿಯಿಂದ ಮಂಚಕ್ಕೆ ಎತ್ತುವಾಗ ಚಕ್ರ ಜಾರಿ ನೀನು ಬಿದ್ದಾಗ ನಾನು ಆಫೀಸಿನಲ್ಲಿ ಇನ್ಯಾವುದೋ ಮಸೂದೆಯ ಮೂರನೇ ಕಾಲಂ ತುಂಬುತ್ತಿದ್ದೆ. ನೀನು ನೆಲದ ಮೇಲೆ, ಅಮ್ಮ ಮಂಚದ ಮೇಲೆ, ಇಬ್ಬರೂ ಏಳಲಾರದವರು. ಅವಳು ಬಲಗೈಯಲ್ಲಿ ಚಮಚ ಹಿಡಿದು ಮಂಚದ ಕಬ್ಬಿಣಕ್ಕೆ ನಲವತ್ತು ನಿಮಿಷ ಬಡಿದಳಂತೆ, ಬೀಗದವರ ಹೆಂಡತಿಗೆ ಕೇಳಿಸುವವರೆಗೆ. ಆ ಚಮಚ ಇನ್ನೂ ಸೊಟ್ಟಗಿದೆ. ಅಮ್ಮ ಅದನ್ನು ಬದಲಾಯಿಸಲು ಬಿಡುತ್ತಿಲ್ಲ.

ಈಗ ಕೇಳು. ಆ ಕಾಯ್ದೆಯನ್ನು ಮತ್ತೆ ಬದಲಿಸಿ ಮನೆಗೆ ನರ್ಸನ್ನು ಕಳಿಸಬೇಕು ಅಂತ ಹೊಸ ಮಸೂದೆ ಬಂದಿದೆ. ಹಳೆಯದನ್ನು ಬರೆದವಳು ಅಂತ ನನ್ನ ಮೇಜಿಗೇ ಬಂತು. ಇಂಥದ್ದಕ್ಕೆ ನಾವು ಹೊಸದಾಗಿ ಲೆಕ್ಕ ಹಾಕುವುದಿಲ್ಲ, ಹಳೆಯ ಟಿಪ್ಪಣಿ ತೆಗೆದು ವರ್ಷ ತಿದ್ದಿ, ಬೆಲೆ ಏರಿಸಿ, ಉಳಿತಾಯವನ್ನು ಖರ್ಚಿನ ಕಡೆಗೆ ಸರಿಸುತ್ತೇವೆ. ಹಾಗೆ ಮಾಡಿದರೆ ಏನಾಗುತ್ತದೆ ಗೊತ್ತಾ? ಖರ್ಚು ದೊಡ್ಡದಾಗಿ ಕಾಣುತ್ತದೆ, ಮೂರನೇ ಕಾಲಂ ಮತ್ತೆ "ಗಣನೀಯವಲ್ಲ". ಹೊರೆಯೇ ಇರಲಿಲ್ಲ ಅಂದ ಮೇಲೆ ಇಳಿಸುವುದು ಏನನ್ನು ಅಂತ ಶಾಸನಸಭೆಯ ಸಮಿತಿಯವರು ಕೇಳುತ್ತಾರೆ, ಮಸೂದೆ ಅಲ್ಲೇ ಮಲಗುತ್ತದೆ. ನೀನು ಇನ್ನು ಮೇಲೆ ಭಾರ ಎತ್ತುವ ಹಾಗಿಲ್ಲ ಅಂದಿದ್ದಾರೆ ಡಾಕ್ಟರು. ನೀನು ಮನೆಗೆ ಬಂದ ಮೇಲೂ ನರ್ಸು ಬರದಿದ್ದರೆ ನೀನು ಎತ್ತದೆ ಇರುವವಳಲ್ಲ. ನನ್ನ ಭಯವೆಲ್ಲ ಅದೇ.

ನಮ್ಮಲ್ಲಿ ಹಳದಿ ಚೀಟಿ ಅಂತ ಒಂದಿದೆ. ಹಿಂದಿನ ಟಿಪ್ಪಣಿ ತಪ್ಪು ಅಂತ ಗೊತ್ತಾದರೆ ಬರೆದವರೇ ತಮ್ಮ ಕೈಬರಹದಲ್ಲಿ ಒಪ್ಪಿಕೊಂಡು ಅಂಟಿಸುವ ಚೀಟಿ. ಇಪ್ಪತ್ತೆರಡು ವರ್ಷದಲ್ಲಿ ಎರಡೇ ಎರಡು ಹಳದಿ ಚೀಟಿ ಬಂದಿವೆಯಂತೆ, ಎರಡೂ ಸೊನ್ನೆ ಹೆಚ್ಚುಕಮ್ಮಿಯಾದದ್ದಕ್ಕೆ. ನಾನು ಸಾಹೇಬರ ಮುಂದೆ ನಿಂತು ಮೂರನೆಯದು ಬೇಕು ಅಂದೆ. ಕಾರಣ ಕೇಳಿದರು, ಎಲ್ಲ ಹೇಳಿದೆ, ಅಳಬಾರದು ಅಂದುಕೊಂಡಿದ್ದೆ, ಅತ್ತುಬಿಟ್ಟೆ. ಅವರು ಕನ್ನಡಕ ಒರೆಸಿಕೊಂಡರು. "ನೋಡಮ್ಮ, ನಿಮ್ಮ ಮನೆ ಸಂಕಟ ನನಗೆ ಅರ್ಥ ಆಗುತ್ತೆ. ಆದ್ರೆ ಒಂದು ಮನೆ ಅಂದ್ರೆ ಒಂದು ಮನೆ ಅಷ್ಟೇ, ಅದು ಅಂದಾಜಾಗಲ್ಲ" ಅಂದರು. ನನಗೆ ಕೋಪ ಬಂತು. ಬಾಗಿಲು ದಾಟುವಷ್ಟರಲ್ಲಿ ಅವರು ಹೇಳಿದ್ದು ಸರಿ ಅನ್ನಿಸಿತು.

ಆದ್ದರಿಂದ ನಮ್ಮ ಹಳೆಯ ನರ್ಸಮ್ಮನನ್ನು ಹುಡುಕಿಕೊಂಡು ಹೋದೆ. ಅವರು ಈಗ ಆರೋಗ್ಯ ಕೇಂದ್ರದಲ್ಲಿ ಟೋಕನ್ ಕೊಡುತ್ತಾರೆ. ನನ್ನನ್ನು ಕಂಡು ಒಂದು ಥರಾ ನೋಡಿದರು, ಯಾಕೆ ಅಂತ ತಿಳಿಯಲಿಲ್ಲ. ಆದರೂ ಒಬ್ಬೊಬ್ಬರನ್ನೂ ಫೋನಿನಲ್ಲಿ ಕೇಳಿ, ಒಪ್ಪಿದ ನಲವತ್ತು ಮನೆಗಳ ವಿಳಾಸ ಬರೆದುಕೊಟ್ಟರು. ಬಿಡುವಾದ ಹೊತ್ತಿನಲ್ಲೆಲ್ಲ ಹೋದೆ, ಮೆಟ್ಟಿಲು ಹತ್ತಿ ಹತ್ತಿ ಮಂಡಿ ನೋವು ಬಂತು. ಹನ್ನೊಂದು ಮನೆಯಲ್ಲಿ ರೋಗಿ ಮತ್ತೆ ಆಸ್ಪತ್ರೆ ಸೇರಿದ್ದರು, ಎಲ್ಲ ಹುಣ್ಣು ಕೀವಾಗಿ. ಅಂದರೆ ನನ್ನ ಎರಡನೇ ಕಾಲಂ ಕೂಡ ಸುಳ್ಳು. ಉಳಿಸಿದ್ದನ್ನು ಸರ್ಕಾರ ಇನ್ನೊಂದು ಬಾಗಿಲಿನಿಂದ ಕಳೆದುಕೊಂಡಿದೆ. ಆಸ್ಪತ್ರೆಯ ದಾಖಲೆ ಸಿಕ್ಕಿತು, ಅದು ಸಾಹೇಬರಿಗೂ ಸರಿಕಂಡಿತು. ಆದರೆ ಮೂರನೇ ಕಾಲಮಿಗೆ ದಿನಕ್ಕೆ ಎಷ್ಟು ಗಂಟೆ ಅಂತ ಬರೆಯಬೇಕಲ್ಲ? ಕೇಳಿದರೆ ಎಲ್ಲರೂ ನಕ್ಕರು. "ಅದನ್ನೆಲ್ಲ ಯಾರಮ್ಮ ಬರೆದಿಡ್ತಾರೆ, ಮಾಡೋದೇ ಸಾಕಾಗಿರುತ್ತೆ" ಅಂದರು. ಒಬ್ಬ ಬಸ್ ಡ್ರೈವರು, ಹೆಂಡತಿಯನ್ನು ನೋಡಿಕೊಳ್ಳುವವರು, ನನ್ನನ್ನು ಬಾಗಿಲಲ್ಲೇ ನಿಲ್ಲಿಸಿ "ಈಗ ಬಂದ್ರಾ ಎಣಿಸೋಕೆ?" ಅಂದರು. ಮೆಟ್ಟಿಲಿಳಿದು ಮುಂದಿನ ಮನೆಗೆ ಹೋದೆ.

ನನ್ನ ಮೂರು ವಾರದ ಅನುಭವದಿಂದ ದಿನಕ್ಕೆ ಐದು ಗಂಟೆ ಅಂತ ಹಾಕಿದ್ದೆ. ಅದೂ ಮಧ್ಯಾಹ್ನಕ್ಕೇ ಸುಸ್ತಾಗಿ ಅಮ್ಮನ ವ್ಯಾಯಾಮ ಬಿಟ್ಟುಬಿಡುವವಳ ಲೆಕ್ಕ. ಸಾಹೇಬರು ಶುಕ್ರವಾರದವರೆಗೆ ಸಮಯ ಕೊಟ್ಟಿದ್ದಾರೆ. "ಎಲ್ಲಾದರೂ ಒಂದು ಕಡೆ, ಮಾಡಿದವರೇ ಬರೆದಿಟ್ಟದ್ದು ಇದ್ರೆ ತನ್ನಿ. ನಲವತ್ತು ಮನೆ ಮಾತಿಗೆ ಒಂದು ಬರಹ ಆಸರೆಯಾಗುತ್ತೆ" ಅಂದರು. ಆಗ ಮಂಚದ ಪಕ್ಕದ ಮೊಳೆಗೆ ದಾರ ಕಟ್ಟಿ ನೇತುಹಾಕಿರುವ ನಿನ್ನ ನೋಟ್‌ಬುಕ್ಕು ನೆನಪಾಯಿತು. ಮದ್ದಿನ ಹೊತ್ತು, ಮಗ್ಗುಲು ಬದಲಿಸಿದ ಹೊತ್ತು, ಅಮ್ಮ ಬೈದ ಹೊತ್ತು ಸಹ ಅದರಲ್ಲಿದೆ. ನಿನ್ನನ್ನು ಕೇಳದೆ ಒಯ್ಯುವುದಿಲ್ಲ. ಒಂದು ಸಲ ಕೇಳದೆ ನಿನ್ನನ್ನು ಹಾಳೆಯ ಮೇಲೆ ಬರೆದು ಆಗಿದೆ.

ಚೀಟಿ ಅಂಟಿಸಿದರೆ ನಮ್ಮ ಮನೆಯ ವಿಷಯವನ್ನೂ ಅದರಲ್ಲಿ ಹೇಳಿಕೊಳ್ಳಬೇಕು. ಆಮೇಲೆ ನನಗೆ ಆರೋಗ್ಯದ ಕಡತ ಸಿಗುವುದಿಲ್ಲ, ಟಪಾಲು ವಿಭಾಗಕ್ಕೆ ಹಾಕಬಹುದು. ಹಾಕಲಿ ಬಿಡು. ಮಸೂದೆ ಗೆದ್ದೇ ಗೆಲ್ಲುತ್ತದೆ ಅಂತಲೂ ನಾನು ಹೇಳಲಾರೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಒಂದು ಪದದಲ್ಲಿ ಒಡೆದದ್ದನ್ನು ಒಂದು ಚೀಟಿಯಲ್ಲಿ ಕೂಡಿಸುವುದು ಹೇಗೋ ಕಾಣೆ. ನನ್ನನ್ನು ಬೈಯಬೇಕು ಅನ್ನಿಸಿದರೆ ಬೈ ಅಕ್ಕ. ನೀನು ಬೈಯದೇ ಇದ್ದರೇ ನನಗೆ ಕಷ್ಟ.

ಅಮ್ಮ ಎದ್ದಳು, ಯಾರಿಗೆ ಬರೆಯುತ್ತಿದ್ದೀಯ ಅಂತ ಕೇಳುತ್ತಿದ್ದಾಳೆ. ನಿನಗೆ ಆಶೀರ್ವಾದ ತಿಳಿಸಬೇಕಂತೆ, ಅಲ್ಲಿಯ ಆಸ್ಪತ್ರೆಯ ಗೌನು ಯಾರು ಹೊಲಿದರೋ ಅವರಿಗೆ ಬುದ್ಧಿ ಹೇಳಬೇಕಂತೆ. ಬೀಗದವರ ಹೆಂಡತಿಯೂ ಕೇಳಿದ್ದಾರೆ. ದಿಂಬಿನ ಅಜ್ಜಿಗೆ ನನ್ನ ನಮಸ್ಕಾರ ಹೇಳು, ಮಲಗಿಕೊಂಡೇ ಹೇಳು.

ನಿನ್ನ ತಂಗಿ,
ಲೆಕ್ಕದಮ್ಮ

ತಾ.ಕ.: ಕಾಗದ ಮಡಚಿದ ಮೇಲೆ ಅಮ್ಮನ ಮಾತ್ರೆಯ ಹೊತ್ತು ನೋಡಲು ನೋಟ್‌ಬುಕ್ಕು ತೆಗೆದೆ, ದಾರ ಹರಿದು ಕೆಳಗೆ ಬಿತ್ತು. ಹಿಂದಿನ ರಟ್ಟಿನೊಳಗಿಂದ ಒಂದು ಹಾಳೆ ಜಾರಿತು. ನನ್ನ ಟಿಪ್ಪಣಿ, ಕೆಳಗೆ ಗಂಟುಬಿದ್ದ ದಾರದಂಥ ಸಹಿ. ನಾಲ್ಕು ಮೂಲೆಯಲ್ಲೂ ಪಿನ್ನಿನ ತೂತು. ಆರೋಗ್ಯ ಕೇಂದ್ರದ ಬೋರ್ಡಿನಿಂದ ಕಿತ್ತು ತಂದೆಯಾ, ಬೇರೆ ಯಾರೂ ನನ್ನ ಸಹಿ ನೋಡಬಾರದು ಅಂತ? ನರ್ಸಮ್ಮ ನನ್ನನ್ನು ಹಾಗೆ ನೋಡಿದ್ದು ಇದಕ್ಕಾ? ಮೂರು ವರ್ಷ ಎಲ್ಲ ಗೊತ್ತಿದ್ದೇ ನನಗೆ ಊಟ ಬಡಿಸಿದೆಯಾ ಅಕ್ಕ? "ಗಣನೀಯವಲ್ಲ" ಪಕ್ಕದಲ್ಲಿ ನಿನ್ನ ಪೆನ್ಸಿಲ್ಲಿನ ಲೆಕ್ಕವಿದೆ. ಮಗ್ಗುಲು ಎರಡು ಗಂಟೆ, ಸ್ನಾನ ಮತ್ತು ಬಟ್ಟೆ ಎರಡು, ಊಟ ಒಂದೂವರೆ, ವ್ಯಾಯಾಮ ಒಂದು, ಹುಣ್ಣು ಮುಕ್ಕಾಲು. ಒಟ್ಟು ಏಳೂಕಾಲು. ಎರಡು ಸಲ ಕೂಡಿಸಿ ನೋಡಿದೆ, ಸರಿಯಾಗಿದೆ. ನನಗಿಂತ ನೀನೇ ಚೆನ್ನಾಗಿ ಬರೆದಿದ್ದೀಯ. ಹಳದಿ ಚೀಟಿಯ ಜೊತೆ ಈ ಹಾಳೆಯನ್ನೇ ಲಗತ್ತಿಸಬೇಕು ಅಂತಿದ್ದೇನೆ. ಬುಧವಾರ ಸಂಜೆ ಫೋನ್ ಮಾಡುತ್ತೇನೆ. ಊಟ ಮಾಡಿದ್ಯಾ ಅಂತ ಕೇಳಬೇಡ, ಹೂಂ ಅನ್ನು ಇಲ್ಲವೇ ಊಹೂಂ ಅನ್ನು. ನಿನ್ನ ಲೆಕ್ಕದಲ್ಲಿ ಬಿಟ್ಟುಹೋಗಿರುವುದು ಒಂದೇ, ನಿನ್ನ ಬೆನ್ನು. ಅದನ್ನು ನಾನು ಸೇರಿಸಲಾ?