ನಗಬಾರದ ತರಗತಿ

ಭಾನುವಾರ, ಮಾರ್ಚ್ ೯

ಚಿರಂಜೀವಿ ತಮ್ಮನಿಗೆ,

ಅಕ್ಕನ ಆಶೀರ್ವಾದ. ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯದೆ ಕೂತಿದ್ದಕ್ಕೆ ಬೈಯಬೇಡ. ಯೂನಿಫಾರ್ಮ್ ಹೊಲಿಗೆ ಒಂದು ಕಡೆ, ಕಾಲೇಜು ಇನ್ನೊಂದು ಕಡೆ. ಹೌದಪ್ಪಾ, ಕಾಲೇಜೇ. ಹಲ್ಲು ಕಿರಿಯಬೇಡ.

ನಮ್ಮ ಚಿಲಿಪಿಲಿ, ನಿನ್ನ ಮಗಳು, ಓದಲೆಂದು ನನ್ನ ಮನೆಗೆ ಬಂದಾಗಿನಿಂದ ಆ ಹೆಸರಿಗೆ ಅವಮಾನ. ಊಟಕ್ಕೆ ಕೂತರೆ ಒಂದು "ಹೂಂ", ಒಂದು "ಉಹೂಂ", ಮಿಕ್ಕಿದ್ದೆಲ್ಲ ಮೊಬೈಲಿಗೆ. ಅವಳು ಓದುವುದನ್ನೇ ನಾನೂ ಓದಿದರೆ ನಮ್ಮಿಬ್ಬರ ನಡುವೆ ಮಾತು ಹುಟ್ಟೀತು ಎಂಬ ಆಸೆ. ಪರೀಕ್ಷೆ ಬರೆಯದ ಹಿರಿಯರು ಹಿಂದಿನ ಬೆಂಚಿನಲ್ಲಿ ಕೂತು ಕೇಳಬಹುದಂತೆ. ಅಂಗಡಿಯ ಬಾಗಿಲೆಳೆದು ಹೋದೆ. ಪಾಠದ ಹೆಸರು ಕೇಳು: ಅಮೆರಿಕದ ಬಹುಜನಾಂಗೀಯ ಸಾಹಿತ್ಯ. ಹೇಳಿ ಮುಗಿಸುವಷ್ಟರಲ್ಲಿ ಒಂದು ಗುಂಡಿ ಹಚ್ಚಬಹುದು.

ಕನ್ನಡಕ್ಕೆ ಇಳಿಸಿದ ಆ ಪುಸ್ತಕಗಳ ಮೇಲೆ ನನಗೇನೂ ದೂರಿಲ್ಲ, ಅವು ಬಂಗಾರ. ಇಸ್ತ್ರಿಯನ್ನು ಬಟ್ಟೆಯ ಮೇಲೇ ಬಿಟ್ಟು ಓದುತ್ತ ಕೂತು ಒಂದು ಪ್ಯಾಂಟನ್ನೇ ಸುಟ್ಟೆ. ದೂರಿರುವುದು ಮೇಷ್ಟ್ರ ಮೇಲೆ. ಯಾರು ಏನಂದರೂ ಕಣ್ಣು ಮುಚ್ಚಿ ತಲೆಯಾಡಿಸುತ್ತಾರೆ. ನಾನಿಟ್ಟ ಹೆಸರು ಅಯ್ಯೋಪಾಪ ಮೇಷ್ಟ್ರು. ಈ ವಾರ ಕಪ್ಪು ಜನ, ಬರುವ ವಾರ ಅಲ್ಲಿನ ಮೂಲನಿವಾಸಿಗಳು, ಅದರಾಚೆ ಹಡಗು ಹತ್ತಿ ಬಂದವರು. ವಾರಕ್ಕೊಂದು ಜನಾಂಗಕ್ಕೆ ಅಯ್ಯೋಪಾಪ ಎಂದು ಕೈ ತೊಳೆದುಕೊಳ್ಳುವುದು! ಮಾತಾಡಲು ಎದ್ದವರು ಮೊದಲು "ನಮ್ಮ ಮನೆತನದ ಗಾಯ ಇಂಥದು" ಎನ್ನಬೇಕೆಂಬ ನಿಯಮ ಬೇರೆ. ಗಾಯವಿಲ್ಲದ ಹುಡುಗರು ತಾತನ ಮಂಡಿನೋವನ್ನಾದರೂ ಎಳೆದು ತರುತ್ತಾರೆ.

ಒಂದು ಕಥೆಯಲ್ಲಿ, ಕದ್ದ ಕೋಳಿಯನ್ನು ಕೋಟಿನೊಳಗೆ ಬಚ್ಚಿಟ್ಟುಕೊಂಡವನೊಬ್ಬ ಪೊಲೀಸನ ಜೊತೆ ದೇವರ ವಿಷಯ ಮಾತಾಡುತ್ತಿರುತ್ತಾನೆ. ಕೋಳಿ ಕೂಗಿಬಿಡುತ್ತದೆ. ನಾನು ಗೊಳ್ಳೆಂದು ನಕ್ಕೆ. ಸಾವಿನ ಮನೆಯಲ್ಲಿ ಸೀಟಿ ಹೊಡೆದವಳನ್ನು ನೋಡುವಂತೆ ಎಲ್ಲರೂ ತಿರುಗಿ ನೋಡಿದರು.

"ಅಮ್ಮಾ, ಇದು ನೋವಿನ ಸಾಹಿತ್ಯ," ಅಂದರು ಮೇಷ್ಟ್ರು.

"ನೋವಿಲ್ಲ ಅಂತ ನಾನಂದ್ನಾ ಸಾರ್? ಆದ್ರೆ ಕೋಳಿ ಕೂಗ್ತಲ್ಲ!"

"ಆ ಕೋಳಿ ಶತಮಾನಗಳಿಂದ ಅದುಮಿಟ್ಟ ದನಿ."

"ಹಾಗಾದ್ರೆ ಆ ದನೀನ ಸಾರು ಮಾಡಿ ತಿನ್ನೋದು ಯಾರು ಸಾರ್?"

ಮುಂದಿನ ಬೆಂಚಿನವರು ಮೇಷ್ಟ್ರ ಮಾತು ಬರೆದುಕೊಂಡು ಅಡಿಗೆರೆ ಎಳೆದರು. ಕಥೆ ಬರೆದವನು ಅಲ್ಲಿದ್ದಿದ್ದರೆ ಕೋಳಿ ಸಮೇತ ಓಡಿಹೋಗುತ್ತಿದ್ದ.

ನಾನು ಗಟ್ಟಿಯಾಗಿದ್ದೇನೆ. ನಿನ್ನ ಬೆನ್ನುನೋವಿಗೆ ಬಿಸಿನೀರಿನ ಶಾಖ ಬಿಡಬೇಡ. ಮಗಳ ಬರಹವನ್ನು ಮೊನ್ನೆ ಮೇಷ್ಟ್ರು ಎಲ್ಲರೆದುರು ಹೊಗಳಿದರು. ನೀವೆಲ್ಲ ತಣ್ಣಗಿರಿ, ನಿನ್ನನ್ನು ಸಹಿಸುವ ಶಕ್ತಿ ನಿನ್ನ ಹೆಂಡತಿಗೆ ನೂರು ವರ್ಷ ಇರಲಿ.

ನಿನ್ನ ಅಕ್ಕ

ತಾ.ಕ.: ಇದಿಷ್ಟು ಹೇಳದೆ ಲಕೋಟೆ ಅಂಟಿಸಲು ಕೈ ಬರಲಿಲ್ಲ. ಮೇಷ್ಟ್ರು ಹೊಗಳಿದ ಆ ಬರಹದಲ್ಲಿ ಚಿಲಿಪಿಲಿ ಮನೆತನದ ಗಾಯವೆಂದು ಬರೆದು ಓದಿದ್ದು ನನ್ನ ಬಗ್ಗೆಯೇ. ಅಕ್ಷರ ಬಾರದ ಅತ್ತೆ, ಹೊಲಿಗೆ ಮಿಷನ್ನಿನ ಮುಂದೆ ಬಾಗಿ ಬಾಗಿ ಸವೆದವಳು, ಒಮ್ಮೆಯೂ ನಗದವಳು. ಹುಡುಗಿಯರು ಕಣ್ಣೊರೆಸಿಕೊಂಡರು. "ಈಗ ಅವರು ಎಲ್ಲಿದ್ದಾರಮ್ಮ?" ಅಂದರು ಮೇಷ್ಟ್ರು. ಇವಳು ನನ್ನ ಬೆಂಚಿನ ಕಡೆ ಒಂದು ಸಲ ನೋಡಿ, "ತೀರ್ಕೊಂಡ್ರು ಸಾರ್" ಅಂದಳು. ನಾವು ಸಂಬಂಧಿಕರೆಂದು ಅಲ್ಲಿ ಯಾರಿಗೂ ಗೊತ್ತಿಲ್ಲ. "ಕ್ಲಾಸಲ್ಲಿ ಹೇಳ್ಬೇಡಿ ಅತ್ತೆ," ಎಂದು ಮೊದಲ ದಿನವೇ ಕೇಳಿಕೊಂಡಿದ್ದಳು. ಹುಡುಗಾಟ ಅಂದುಕೊಂಡಿದ್ದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ ತಮ್ಮಾ. ಸುಮ್ಮನೆ ಕೂತಿದ್ದರೆ ಆ ಅತ್ತೆ ನಾನೇ ಎಂದು ಗೊತ್ತಾಗಿ, ಮಗು ತಲೆ ತಗ್ಗಿಸಬೇಕಾಗುತ್ತಿತ್ತು.